ಸೊನ್ನೆ ಎಂದವಳ ಬಲಗೈ

ಹೊಲಿಗೆಯವಳ ಮನೆಯ ಮುಂದಿನ ಕೋಣೆಯಲ್ಲಿ ಮಗಳು ಬಲಗೈ ಚಾಚಿಕೊಂಡು ನಿಂತಿದ್ದಳು. ಬಟ್ಟೆ ಅಳೆಯುವ ಮರದ ಕೋಲು ಅವಳ ಅಪ್ಪನ ಕೈಯಲ್ಲಿತ್ತು. ಮರುದಿನ ಭೌತಶಾಸ್ತ್ರದ ಪರೀಕ್ಷೆ. ದೂರದ ಊರುಗಳಿಗೆ ಬಸ್ಸು ಓಡಿಸುವ ಅಪ್ಪನಿಗೆ ಅಂದು ರಜೆ. ಊಟ ಮುಗಿಸಿ ತಾನೇ ಪಾಠ ಹೇಳಲು ಕುಳಿತಿದ್ದ. ಇದೇ ವಿಷಯದಲ್ಲಿ ನಪಾಸಾಗಿ ಕಾಲೇಜು ಬಿಟ್ಟವನು ಅವನು. ಆಗ ಯಾರಾದರೂ ನಾಲ್ಕು ಬಿಗಿದಿದ್ದರೆ ಪಾಸಾಗುತ್ತಿದ್ದೆ ಎಂಬುದು ಅವನ ಗಟ್ಟಿ ನಂಬಿಕೆ.

ಲೆಕ್ಕ ಚಿಕ್ಕದು. ನೇರ ದಾರಿಯಲ್ಲಿ ಒಂದು ಗಾಡಿ. ಯಾವ ಹೊತ್ತಿನಲ್ಲಿ ಎಲ್ಲಿರುತ್ತದೆ ಎಂಬುದಕ್ಕೆ ಸೂತ್ರ ಕೊಟ್ಟಿದ್ದರು: ಸೆಕೆಂಡಿನ ವರ್ಗದಿಂದ ಸೆಕೆಂಡಿನ ಆರು ಪಟ್ಟು ಕಳೆದರೆ ಬರುವಷ್ಟು ಮೀಟರು. ಮೊದಲ ಆರು ಸೆಕೆಂಡುಗಳ ಸರಾಸರಿ ವೇಗ ಎಷ್ಟು? ಮಗಳು ಹೊರಡುವ ಹೊತ್ತಿಗೆ ಸೊನ್ನೆ ಹಾಕಿದಳು, ಸೊನ್ನೆ ಬಂತು. ಆರು ಹಾಕಿದಳು, ಮೂವತ್ತಾರರಲ್ಲಿ ಮೂವತ್ತಾರು ಹೋಗಿ ಮತ್ತೆ ಸೊನ್ನೆ. ಹೊರಟಲ್ಲಿಗೇ ಬಂದು ನಿಂತ ಗಾಡಿಯ ಸರಾಸರಿ ವೇಗ ಸೊನ್ನೆ ಎಂದು ಬರೆದಳು.

ಅಪ್ಪ ಒಪ್ಪಲಿಲ್ಲ. ಗಾಡಿ ಒಂಬತ್ತು ಮೀಟರು ಹಿಂದೆ ಹೋಗಿದೆ, ಒಂಬತ್ತು ಮುಂದೆ ಬಂದಿದೆ. ಹದಿನೆಂಟನ್ನು ಆರರಿಂದ ಭಾಗಿಸು, ಮೂರು. ಬಸ್ಸಿನ ಮೀಟರು ನೋಡಿ ಅವನು ಜನ್ಮವಿಡೀ ಹಾಕಿದ ಸರಾಸರಿ ಅದೇ.

"ನಾನು ಊರೆಲ್ಲ ಸುತ್ತಿ ಡಿಪೋಗೆ ವಾಪಸ್ ಬರ್ತೀನಲ್ಲ. ಹಾಗಾದ್ರೆ ನಾನು ದುಡಿದಿದ್ದು ಸೊನ್ನೆನಾ?"

"ಚಕ್ರ ಎಷ್ಟು ಓಡಿತು ಅನ್ನೋದು ಜವ, ಅದನ್ನ ಅವರು ಕೇಳಿಲ್ಲಪ್ಪ. ವೇಗ ಕೇಳಿದಾರೆ. ಅದಕ್ಕೆ ಹೊರಟ ಜಾಗದಿಂದ ಕೊನೆಗೆ ಎಷ್ಟು ದೂರ ಇದೀಯ ಅನ್ನೋದಷ್ಟೇ ಲೆಕ್ಕ. ನೀನು ಡಿಪೋದಲ್ಲೇ ಇದೀಯ."

ಕೋಲು ಬೀಸಿ ಬಿತ್ತು.

ತಾಯಿ ಹೊಲಿಗೆ ಯಂತ್ರವನ್ನು ತುಳಿಯುತ್ತಲೇ ಇದ್ದಳು. ಅವಳ ಎಡಗೈಯ ಕಿರುಬೆರಳು ಮಡಚುವುದಿಲ್ಲ. ಅದನ್ನು ಮುರಿದವನೂ ಇವನೇ. ಬಾಯಿ ಬಿಗಿಹಿಡಿದರೆ ಅವನ ಸಿಟ್ಟು ತಾನಾಗಿ ಇಳಿಯುತ್ತದೆಂದು ಅವಳು ಕಲಿತಿದ್ದಳು. ಆ ಮೌನವನ್ನೇ ಮಗಳಿಗೂ ಕಲಿಸಿದ್ದಳು. ಆದರೆ ಮಗಳು ಸುಮ್ಮನಿರಲಿಲ್ಲ. ಎಷ್ಟು ಎಂದಾಗೆಲ್ಲ ಸೊನ್ನೆ ಎನ್ನುತ್ತಿದ್ದಳು, ಎಂದಾಗೆಲ್ಲ ಕೋಲು ಇಳಿಯುತ್ತಿತ್ತು. ಅಂಗೈ ಊದಿ ಹೊಳೆಯತೊಡಗಿತು. ನೋವು ತಾಳದೆ ಎಡಗೈ ಒಡ್ಡಿದರೆ ಅಪ್ಪ ಅದನ್ನು ತಳ್ಳಿ ಬಲಗೈಯನ್ನೇ ಎಳೆದುಕೊಂಡ.

ತಾಯಿ ಯಂತ್ರ ನಿಲ್ಲಿಸಿದಳು. ಬರೆಯುವ ಕೈ ಬಿಟ್ಟುಬಿಡಿ, ನಾಳೆ ಪೆನ್ನು ಹಿಡಿಯಬೇಕು ಎಂದು ಬೇಡಿಕೊಂಡಳು. ಅವನು ತಿರುಗಿಯೂ ನೋಡದೆ ಸ್ಟೂಲನ್ನು ಒದ್ದ. ಅದು ಅವಳ ಮೊಣಕಾಲಿಗೆ ಬಡಿಯಿತು.

"ತಪ್ಪು ಬರೆದ ಕೈಗೇ ಬೀಳ್ಬೇಕು" ಎಂದ. ಕೋಲನ್ನು ಅಡ್ಡ ತಿರುಗಿಸಿ, ಚೂಪಾದ ಅಂಚು ಕೆಳಗೆ ಮಾಡಿ ಎತ್ತಿದ. ಈ ಸಲ ಗುರಿ ಬೆರಳಿನ ಗೆಣ್ಣುಗಳ ಮೇಲಿತ್ತು.

ಮೇಜಿನ ಮೇಲೆ ಇಸ್ತ್ರಿಪೆಟ್ಟಿಗೆ ಕಾದಿತ್ತು. ಅದನ್ನು ಎತ್ತಿಕೊಂಡದ್ದು ತಾಯಿಗೆ ನೆನಪಿಲ್ಲ. ಅವನ ಮುಂಗೈಗೆ ಒತ್ತಿದ್ದು ನೆನಪಿದೆ, ಚರ್ಮ ಚುರ್ರೆಂದದ್ದು, ಸುಟ್ಟ ಕೂದಲಿನ ವಾಸನೆ. ಅವನು ಅರಚಿ ಕೋಲು ಬಿಟ್ಟ. ಇನ್ನೊಂದು ಕೈಯಿಂದ ಅವಳ ಬಾಯಿಗೆ ಗುದ್ದಿದ. ತುಟಿ ಒಡೆದು ರಕ್ತ ಗದ್ದಕ್ಕಿಳಿಯಿತು. ಅವಳು ಇಸ್ತ್ರಿಪೆಟ್ಟಿಗೆ ಬಿಡಲಿಲ್ಲ. ಅದನ್ನು ಅವನ ಮುಖದ ಎತ್ತರಕ್ಕೆ ಹಿಡಿದು ಒಂದು ಹೆಜ್ಜೆ ಮುಂದಿಟ್ಟಳು. ಅವನು ಹಿಂದೆ ಸರಿದ. ಮತ್ತೊಂದು ಹೆಜ್ಜೆಗೆ ಹೊಸ್ತಿಲು ದಾಟಿದ. ಕೈಯನ್ನು ಎದೆಗೊತ್ತಿಕೊಂಡು ಔಷಧದ ಅಂಗಡಿಯ ಕಡೆ ಓಡಿದ. ಅವಳು ಚಿಲಕ ಹಾಕಿದಳು.

ಮಗಳಿಗೆ ಪೆನ್ನು ಹಿಡಿಯಲಾಗಲಿಲ್ಲ. ಬೆರಳು ಮಡಚದೆ ಅದು ಜಾರಿ ಜಾರಿ ಬಿತ್ತು. ತಾಯಿ ಒಂದು ಚಿಂದಿಯನ್ನು ಪೆನ್ನಿಗೆ ದಪ್ಪವಾಗಿ ಸುತ್ತಿ, ದಾರ ಬಿಗಿದು ಕೊಟ್ಟಳು. ಹೆಬ್ಬೆರಳು ಮತ್ತು ಅಂಗೈಯ ನಡುವೆ ಈಗ ನಿಂತಿತು. ಮಗಳು ಅದೇ ಲೆಕ್ಕದ ಮುಂದಿನ ಪ್ರಶ್ನೆ ತೆಗೆದುಕೊಂಡಳು: ಮೊದಲ ಮೂರು ಸೆಕೆಂಡುಗಳಿಗೆ ಎಷ್ಟು? ಅಕ್ಷರ ಸೊಟ್ಟವಾದರೂ ಓದುವಂತಿತ್ತು.

ಬಾಗಿಲು ಅದುರಿತು. ತೆಗೆಯದಿದ್ದರೆ ಇಬ್ಬರನ್ನೂ ಕೊಂದುಬಿಡುತ್ತೇನೆ ಎಂದು ಅಪ್ಪ ಹೊರಗಿನಿಂದ ಕೂಗಿದ. ಮಗಳು ಪೆನ್ನೆತ್ತಿ ತಾಯಿಯನ್ನು ನೋಡಿದಳು.

"ನೀನು ಬರಿ, ಪುಟ್ಟಿ. ಬಾಗಿಲು ನಾನು ನೋಡ್ಕೋತೀನಿ."

ಅವಳು ಬಾಗಿಲಿಗೆ ಒರಗಿ, ಎರಡೂ ಕಾಲುಗಳನ್ನು ನೆಲಕ್ಕೆ ಊರಿ ಕುಳಿತಳು. ಅವನ ಒಂದೊಂದು ಒದೆತವೂ ಹಲಗೆ ದಾಟಿ ಅವಳ ಬೆನ್ನಿಗೆ ಬರುತ್ತಿತ್ತು.