ರಾಮಾ ಮಾಮನ ತಲೆನೋವು

"ಬಿದ್ದು ತಲೆಗೆ ಪೆಟ್ಟಾಯಿತೋ, ಮೊದಲು ತಲೆ ನೋವು ಬಂದು ಆಮೇಲೆ ಬಿದ್ದನೋ? ಸರಿಯಾಗಿ ನೆನಪು ಮಾಡಿ ಹೇಳಿ, ಹೀರಾಬಾಯಿ," ಅಂದರು ಡಾಕ್ಟರ್ ವಿದ್ಯಾ.

"ನೋವು ಬಂದೇ ಬಿದ್ದದ್ದು, ಡಾಕ್ಟರ್ ಬಾಯಿ. ನಿನ್ನೆ ದಂಡೆ ಮೇಲೆ ಬಲೆ ಕೊಡವ್ತಾ ಇದ್ದಾಂವ 'ಆಯೀ' ಅಂತ ತಲೆ ಹಿಡ್ಕಂಡ. ನಾನು ಅಲ್ಲೇ ಇದ್ನಲ್ಲ!"

ಕಾರವಾರದ ಆಸ್ಪತ್ರೆಯಲ್ಲಿ, ಮುಚ್ಚಿದ ಐಸಿಯು ಬಾಗಿಲಾಚೆ ಹೀರಾಳ ಮಗ ಕಿಶನ ಎಚ್ಚರ ತಪ್ಪಿ ಮಲಗಿದ್ದ. ಮೂವತ್ತೂ ತುಂಬದ ಹುಡುಗ, ಮಿದುಳಿನಲ್ಲಿ ರಕ್ತ. ಎಲ್ಲಿಂದ ಸೋರಿತು, ಯಾಕೆ ಸೋರಿತು ಎಂದು ಬೇಗ ಗೊತ್ತಾಗದಿದ್ದರೆ ಮತ್ತೆ ಸೋರಬಹುದು, ಎರಡನೇ ಸಲ ಉಳಿಯುವುದು ಕಷ್ಟ ಎಂದು ಡಾಕ್ಟರು ಆಗಲೇ ಹೇಳಿದ್ದರು.

"ಬಿಪಿ ಇತ್ತಾ?"

"ಇಲ್ಲ."

"ಕುಡಿತ?"

"ಗೋವೆಗೆ ಹೋಗಿ ಬಂದ ದಿನ ಒಂಚೂರು. ನಿಮ್ಮತ್ರ ಸುಳ್ಳು ಎಂತಕ್ಕೆ?"

"ಮಾತ್ರೆ, ಪುಡಿ, ಬೇರೆ ನಶೆ?"

"ಅಂಥಾದ್ದು ಇದ್ದಿದ್ರೆ ಅವನ ಕಾಲು ನಾನೇ ಮುರೀತಿದ್ದೆ."

"ಮನೆತನದಲ್ಲಿ ಸಣ್ಣ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡವರು?"

"ಇಲ್ರಾ. ಒಬ್ಬರೂ ಇಲ್ಲ."

ಬೆಂಚಿನ ಮೇಲೆ ಬಲಗಣ್ಣಿಗೆ ಕೈ ಒತ್ತಿ ಕೂತಿದ್ದ ಮಗಳು ಮಾನಸಾ ಮೆಲ್ಲಗೆ ಕೇಳಿದಳು, "ರಾಮಾ ಮಾಮ, ಆಯಿ?"

"ನಿಂದೊಂದು! ಡಾಕ್ಟ್ರು ಕೇಳ್ತಾ ಇರೂದು ರೋಗದ ವಿಷಯ. ನನ್ನ ತಮ್ಮನ್ನ ಸಮುದ್ರ ಕರ್ಕಂಡು ಹೋದದ್ದು."

ಡಾಕ್ಟರು ತಲೆಯೆತ್ತಿದರು. "ಅವತ್ತು ಅಲೆ ಜೋರಿತ್ತಾ?"

ಅಂಕೋಲೆಯ ಮೀನುಪೇಟೆಯಲ್ಲಿ ಯಾರಿಗೂ ಉತ್ತರ ಬಾಕಿ ಇಡದ ಹೀರಾ ಈಗ ತಡವರಿಸಿದಳು.

"ಇಲ್ಲ... ತಣ್ಣಗಿತ್ತು."

"ಅವರಿಗೆ ಈಜು?"

"ಎಂಥಾ ಮಾತು! ಮೀನಿಗೇ ಕಲಿಸೂವಾಂವ."

"ಮತ್ತೆ ಹೇಗೆ ಮುಳುಗಿದರು?"

"ಅವನ ಸಂಗಡ ದೋಣೀಲಿ ಹೋದ ಹುಲಿಯಾ ಹೇಳಿದ್ದ... ತಲೆ ಸಿಡೀತದೆ ಅಂತ ದೋಣಿ ಅಂಚಿಗೆ ಕೂತ, ಹಂಗೇ ವಾಲಿ ಬಿದ್ದ ಅಂತ." ಹೀರಾಳ ದನಿ ಇಳಿಯಿತು. "ಮದುವೆ ಗೊತ್ತಾಗಿತ್ತು, ಬಾಯಿ."

"ಕೆಲವು ಮನೆತನಗಳಲ್ಲಿ ಮಿದುಳಿನ ರಕ್ತನಾಳ ಒಂದು ಕಡೆ ತೆಳ್ಳಗಾಗಿ ಗುಳ್ಳೆಯ ಹಾಗೆ ಉಬ್ಬುತ್ತದೆ. ಅದು ಒಡೆದರೆ ಹೀಗಾಗುತ್ತದೆ. ಕಿಶನನ ರಕ್ತನಾಳದ ಸ್ಕ್ಯಾನ್ ಈಗಲೇ ಮಾಡಿಸಬೇಕು," ಎನ್ನುತ್ತಲೇ ಡಾಕ್ಟರು ಬೆಂಚಿನ ಕಡೆ ತಿರುಗಿದರು. "ಮಾನಸಾ, ಕಣ್ಣಿನ ಮೇಲಿಂದ ಕೈ ತೆಗಿ."

ಬಲಗಣ್ಣಿನ ರೆಪ್ಪೆ ಅರ್ಧಕ್ಕೆ ಜೋತುಬಿದ್ದಿತ್ತು.

"ರಾತ್ರಿಯೆಲ್ಲಾ ಅತ್ತಾಳೆ, ಅದಕ್ಕೇ ಬಾತದೆ," ಅಂದಳು ಹೀರಾ.

ಡಾಕ್ಟರು ಟಾರ್ಚ್ ಹಿಡಿದರು. ಎಡಗಣ್ಣಿನ ಪಾಪೆ ಬೆಳಕಿಗೆ ಕುಗ್ಗಿತು. ಬಲಗಣ್ಣಿನದು ಅಗಲವಾಗಿ ಹಾಗೇ ನಿಂತಿತು.

"ತಲೆನೋವು ಇದೆಯಾ?"

ಮಾನಸಾ ತಾಯಿಯ ಮುಖ ನೋಡಿದಳು. "ಈ ಕಣ್ಣಿನ ಹಿಂದೆ. ಬೆಳಗಿಂದ. ಅಣ್ಣ ಅಲ್ಲಿ ಮಲಗಿರೂವಾಗ ನಂದೆಂತ ಹೇಳೂದು?"

"ಲಲಿತಾ, ಸ್ಟ್ರೆಚರ್!" ಡಾಕ್ಟರು ನರ್ಸನ್ನು ಕೂಗಿದರು. "ಅಣ್ಣನದು ಆದ ಕೂಡಲೇ ಇವಳಿಗೂ ಸ್ಕ್ಯಾನ್. ನಡೆಸಿಕೊಂಡು ಹೋಗಬೇಡಿ."

ಹೀರಾ ಅವರ ತೋಳು ಹಿಡಿದಳು. "ಇವಳದ್ದೂ ಒಡೀತಾ?"

"ಒಡೆದಿಲ್ಲ ಅನಿಸುತ್ತದೆ, ಉಬ್ಬಿ ಕಣ್ಣಿನ ನರವನ್ನು ಒತ್ತುತ್ತಿರಬೇಕು. ಒಡೆಯೋ ಮೊದಲೇ ಹಿಡಿಯಬೇಕು. ನೀವು ರಾಮಾನ ವಿಷಯ ಹೇಳಿದ್ದು ಒಳ್ಳೇದಾಯ್ತು."

"ನಾನೆಲ್ಲಿ ಹೇಳ್ದೆ, ಬಾಯಿ? ಹೇಳಿದ್ದು ಇವಳು."

ಸ್ಟ್ರೆಚರ್ ಬಂತು. "ತಲೇಲಿ ಪಿನ್ನು ಇರಬಾರದು, ಅಮ್ಮ," ಅಂದಳು ಲಲಿತಾ. ಹೀರಾ ಮಗಳ ಕೂದಲಿನಿಂದ ಪಿನ್ನುಗಳನ್ನು ಒಂದೊಂದೇ ಎಳೆದು, ಜಡೆ ಹಾಕುವಾಗ ಮಾಡುತ್ತಿದ್ದ ಹಾಗೆಯೇ, ತನ್ನ ತುಟಿಗಳ ನಡುವೆ ಕಚ್ಚಿ ಹಿಡಿದಳು.