ಆಡು ಮುಟ್ಟದ ಸೊಪ್ಪು

ಐವತ್ತೊಂಬತ್ತನೆಯ ಇಸವಿಯ ಮಾಗಿ. ಮೇಲೂರು ಇನ್ನೂ ಮಂಜಿನೊಳಗೇ ಇತ್ತು. ಒಳಕೋಣೆಯಲ್ಲಿ ರೇಷ್ಮೆಹುಳುಗಳು ಸೊಪ್ಪು ಮೇಯುವ ಸದ್ದು, ಯಾರೋ ಕನಸಿನಲ್ಲಿ ಕಾಗದ ಮಡಿಸುತ್ತಿರುವಂತೆ. ನಡುನಡುವೆ ನನ್ನ ಪುಟ್ಟ ಮಗಳು ಯಶೋದೆಯ ಕೆಮ್ಮು.

ಅತ್ತೆ ಕದಿರಮ್ಮ ಕಷಾಯ ಕುದಿಸುತ್ತಿದ್ದರು. ಅವರ ಕಣ್ಣಿಗೆ ಪೊರೆ ಬಂದಿತ್ತು.

"ಏನು ಸೊಪ್ಪು ಅತ್ತೆ?"

"ಆಡು ಮುಟ್ಟದ ಸೊಪ್ಪು ಕಣಮ್ಮ. ನಮ್ಮ ನಗರಗೆರೇಲಿ ಅಡ್ಡಸರಂ ಅಂತೀವಿ. ಪಕ್ಕದ್ಮನೆ ಎರ್ರಪ್ಪ ಮಬ್ಬಿಗೇ ತಂದ್ಕೊಟ್ಟ."

ಆಡುಸೋಗೆ, ಕೆಮ್ಮಿಗೆ ಒಳ್ಳೆಯದೇ ಎಂದು ಸಮಾಧಾನಪಟ್ಟೆ. ನನ್ನ ಸಮಾಧಾನ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಒಲೆಯ ಪಕ್ಕ ಬಿದ್ದಿದ್ದ ಬೋಳು ಕಡ್ಡಿಯನ್ನು ಎತ್ತಿಕೊಂಡೆ. ಗಿಣ್ಣಿನ ಸುತ್ತ ಎಲೆ ಕಿತ್ತ ಗುರುತು ಮೂರು. ಮುಂದಿನ ಗಿಣ್ಣಿನಲ್ಲೂ ಮೂರು. ಆಡುಸೋಗೆಯ ಎಲೆ ಎದುರುಬದುರು, ಜೋಡಿ. ಮೂರು ಮೂರಾಗಿ ಸುತ್ತಿಕೊಳ್ಳುವುದು ಕಣಗಿಲೆ. ಕಣಗಿಲೆ ವಿಷ.

ಕಾಲೇಜಿನಲ್ಲಿ ಓದಿದ್ದು ಸರಿಯಾಗಿ ನೆನಪಿದೆಯೇ? ಅತ್ತೆ ಆಗಲೇ ಲೋಟಕ್ಕೆ ಬಗ್ಗಿಸುತ್ತಿದ್ದರು.

"ಕೊಡಬೇಡಿ." ನನ್ನ ದನಿ ದೂರದಿಂದ ಬಂದಂತಿತ್ತು. "ಕಣಗಿಲೆ ಇರಬಹುದು."

"ನನ್ ಮೊಮ್ಮಗಳಿಗೆ ನಾನು ವಿಸ ಕುಡಿಸ್ತೀನಾ?" ಎಂದರು ಅತ್ತೆ. ಆದರೆ ಲೋಟ ಕೆಳಗಿಟ್ಟು ಗೋಡೆಯಾಚೆಗೆ ಕೂಗಿದರು. "ಏನೋ ಎರ್ರಪ್ಪ, ಯಾವ್ ಸೊಪ್ಪೋ ತಂದಿದ್ದು?"

"ಗನ್ನೇರು ಕಣಕ್ಕ! ಆಡು ಮುಟ್ಟದ್ದು ಅಂದ್ಯಲ್ಲ? ನಮ್ ಮೇಕೆ ನನ್ ಪಂಚೇನೂ ಬಿಡಲ್ಲ, ಅದನ್ನ ಮಾತ್ರ ಮೂಸಲ್ಲ. ನಿನ್ ಕಾಲ್ ಕಜ್ಜಿಗೆ ಹಚ್ಚಕ್ಕೆ ಅಂದ್ಕೊಂಡೆ."

"ನಿನ್ ತಲೆ! ಮಗೂಗೆ ಕುಡ್ಸಕ್ಕೆ ಕಣೋ!"

ತೆಲುಗಿನ ಗನ್ನೇರು ಎಂದರೆ ಕಣಗಿಲೆಯೇ.

ಅತ್ತೆ ಕಷಾಯವನ್ನು ಮಡಕೆ, ಲೋಟ ಸಮೇತ ಹಿತ್ತಲಲ್ಲಿ ಹೂತು ಬಂದರು. ಕೈ ತೊಳೆದು, ನನ್ನ ಮುಖ ನೋಡದೆ ಅಂದರು: "ಬಾ, ನೀನೇ ತೋರ್ಸು."

ಹಿಪ್ಪುನೇರಳೆ ತೋಟದ ಬೇಲಿಯಲ್ಲಿ ಗಿಡ ಕಾಣುವ ಮೊದಲು ಹೂಗಳು ಕಂಡವು. ಮಂಜಿನಲ್ಲಿ ತೇಲುವ ಬಿಳಿಯ ಪುಟ್ಟ ಬಾಯಿಗಳು, ಕೆಳತುಟಿಯ ಮೇಲೆ ನೇರಳೆ ಗೆರೆ. ಅತ್ತೆಯ ಬೆರಳು ಹಿಡಿದು ಗಿಣ್ಣಿಗೆ ತಾಗಿಸಿದೆ. ಇಲ್ಲೊಂದು ಎಲೆ, ಎದುರಿಗೊಂದು.

"ಇದೇ ಕಣಮ್ಮ ನಮ್ಮ ಅಡ್ಡಸರಂ," ಎಂದರು.

ಹೊಸ ಮಡಕೆಯಲ್ಲಿ ಮತ್ತೆ ಕುದಿಯಿತು. ಯಶೋದೆ ಬಾಯಿ ತೆರೆದಳು. ಅತ್ತೆ ಲೋಟವನ್ನು ಹಿಂದಕ್ಕೆ ಎಳೆದುಕೊಂಡು ಮೊದಲ ಗುಟುಕು ತಾವೇ ಕುಡಿದರು. ಕಹಿಗೆ ಮುಖ ಕಿವುಚಿದರು.

"ಅಜ್ಜಿ ಮೂತಿ ನೋಡಮ್ಮ!" ಎಂದು ಮಗಳು ನಕ್ಕಳು.

"ನಗು, ನಗು. ಇನ್ನೊಸಿ ಹೊತ್ತು ಇರು, ನಂಗೇನೂ ಆಗ್ದಿದ್ರೆ ನಿಂಗೆ," ಎಂದು ಅತ್ತೆ ಗೋಡೆಗೆ ಒರಗಿದರು. ನಾನು ಅವರ ಕೈ ಹಿಡಿದುಕೊಂಡೆ. ಮೂವರೂ ಕಾಯುತ್ತಾ ಕುಳಿತೆವು.