ಅರ್ಧ ಖಾಲಿ ಡಿಸ್ಕಿನಲ್ಲಿ ಜಾಗವಿಲ್ಲ

ನನ್ನ ಗಂಡ ಮಾತಿನಲ್ಲಿ ಕಡು ಜಿಪುಣ. ಮರಗೆಲಸದವನು, ದಿನವಿಡೀ ಗರಗಸದ ಸದ್ದು ಕೇಳಿ ಮನೆಗೆ ಬಂದರೆ ಬಾಯಿಗೆ ಬೀಗ. ಅವನ ಪಾಲಿನದನ್ನೂ ನಾನೇ ಆಡುತ್ತಿದ್ದೆ. ಅದಕ್ಕೇ ನನ್ನನ್ನು ಬಜಾರಿ ಎಂದು ಕರೆಯುತ್ತಿದ್ದ. ಬೇರೆ ಯಾರಾದರೂ ಹಾಗೆಂದಿದ್ದರೆ ಅವರ ಜನ್ಮ ಜಾಲಾಡಿಬಿಡುತ್ತಿದ್ದೆ.

ಅಂಥವನ ಗಂಟಲಿಗೇ ಕ್ಯಾನ್ಸರ್ ಬರಬೇಕೆ? ಧ್ವನಿಪೆಟ್ಟಿಗೆ ತೆಗೆಯದೆ ವಿಧಿಯಿಲ್ಲ ಎಂದರು ಡಾಕ್ಟರು. ಕಂಪನಿಯೊಂದರಲ್ಲಿ ಸರ್ವರ್ ನೋಡಿಕೊಳ್ಳುವ ನನ್ನ ತಮ್ಮ ಹಳೆಯ ಲಿನಕ್ಸ್ ಕಂಪ್ಯೂಟರೊಂದನ್ನು ತಂದಿಟ್ಟ. ಆಪರೇಷನ್ನಿಗೆ ಮೊದಲೇ ಮಾತುಗಳನ್ನು ರೆಕಾರ್ಡ್ ಮಾಡಿಟ್ಟರೆ, ಆಮೇಲೆ ಬೇಕಾದ್ದನ್ನು ಒತ್ತಿದಾಗ ಭಾವನ ದನಿಯಲ್ಲೇ ಕೇಳಿಸುತ್ತದಂತೆ.

ನೀರು ಕೊಡು. ಫ್ಯಾನ್ ಆರಿಸು. ಬೆನ್ನು ನೋಯ್ತಿದೆ. ಮದುವೆಯಾದಾಗಿನಿಂದ ಆಡದಷ್ಟು ಮಾತನ್ನು ಆ ಮೈಕಿನ ಮುಂದೆ ಆಡಿದ. ನನಗೆ ಹೇಳಬೇಕಾದ್ದನ್ನು ಮಾತ್ರ ಕೊನೆಗಿಟ್ಟುಕೊಂಡ. ಆಸ್ಪತ್ರೆಗೆ ಸೇರುವ ಹಿಂದಿನ ಸಂಜೆ, "ನೀನು ಹೊರಗಿರು, ಎದುರಿಗಿದ್ರೆ ನಂಗೆ ಬಾಯಿ ಬರಲ್ಲ" ಎಂದು ಬಾಗಿಲು ಹಾಕಿಕೊಂಡ. ಹೊರಬಂದಾಗ ಕಣ್ಣು ಕೆಂಪಾಗಿತ್ತು. ಮಿಷನ್ನು ಜಾಗವಿಲ್ಲ, ಜಾಗವಿಲ್ಲ ಅಂತಿತ್ತು, ನೋಡಿದರೆ ಡಿಸ್ಕ್ ಅರ್ಧ ಖಾಲಿ, ಅದಕ್ಕೆಲ್ಲೋ ತಲೆ ಕೆಟ್ಟಿದೆ ಎಂದು ಬೈದ. ಏನು ಹೇಳಿದೆ ಎಂದು ಎಷ್ಟು ಪೀಡಿಸಿದರೂ ಬಾಯಿ ಬಿಡಲಿಲ್ಲ. ಆಮೇಲೆ ಕೇಳುವೆಯಂತೆ ಎಂದ.

ಆಪರೇಷನ್ ಆಗಿ ಮನೆಗೆ ಬಂದ ದಿನ ಅವನೇ ನನ್ನ ಕೈ ಹಿಡಿದು ಕಂಪ್ಯೂಟರಿನ ಮುಂದೆ ಕೂರಿಸಿದ. ನೀರು ಇತ್ತು, ಫ್ಯಾನ್ ಇತ್ತು, ಬೆನ್ನುನೋವೂ ಇತ್ತು. ಆ ಸಂಜೆಯದು ಒಂದೂ ಇರಲಿಲ್ಲ.

ತಮ್ಮ ಬಂದು ತಡಕಾಡಿದ. ಅವನ ಮುಖ ಬಿಳಿಚಿಕೊಂಡಿತು.

"ಅಕ್ಕ, ಜಾಗ ಇದೆ. ಇನೋಡ್ ಮುಗಿದುಹೋಗಿದೆ."

ಫೈಲು ಚಿಕ್ಕದಿರಲಿ ದೊಡ್ಡದಿರಲಿ, ಒಂದೊಂದರ ವಿವರ ಬರೆದಿಡಲೂ ಇನೋಡ್ ಎಂಬ ಒಂದು ಖಾನೆ ಬೇಕಂತೆ. ಡಿಸ್ಕ್ ಸಿದ್ಧಮಾಡುವಾಗಲೇ ಅವು ಇಷ್ಟೇ ಎಂದು ನಿಗದಿಯಾಗಿರುತ್ತದಂತೆ. ಈ ಪ್ರೋಗ್ರಾಮು ಪ್ರತಿ ಮಾತನ್ನೂ ಸಾವಿರ ಚೂರು ಮಾಡಿ, ಚೂರಿಗೊಂದು ಫೈಲು ಬರೆದಿತ್ತು. ಡಬ್ಬಕ್ಕೊಂದೇ ಕಾಳು ಹಾಕಿ ಅಡುಗೆಮನೆಯ ಡಬ್ಬಗಳನ್ನೆಲ್ಲ ಮುಗಿಸಿದ ಹಾಗೆ. ಹಾಳಾಗಿ ಹೋಗಲಿ ನಿನ್ನ ಡಬ್ಬ, ಆ ಸಂಜೆಯದನ್ನು ತೆಗೆದುಕೊಡು ಎಂದೆ. ಬರೆದೇ ಇಲ್ಲದ್ದನ್ನು ಎಲ್ಲಿಂದ ತೆಗೆಯಲಿ ಎಂದು ತಲೆ ತಗ್ಗಿಸಿದ.

ಹೋಗಲಿ, ಬರೆದಾದರೂ ಕೊಡು ಎಂದು ಗಂಡನ ಮುಂದೆ ಕಾಗದ ಹಿಡಿದೆ. ಪೆನ್ನು ತೆಗೆದುಕೊಂಡವನು ಬರೆಯಲಾರದೆ ಕೆಳಗಿಟ್ಟ.

ಸುಮ್ಮನಿರಲಾರದೆ ತಮ್ಮ ಬೇಡದ ಚೂರುಗಳನ್ನೆಲ್ಲ ಅಳಿಸಿದ. "ಈಗ ಎಷ್ಟು ಬೇಕಾದ್ರೂ ಹಿಡಿಸುತ್ತೆ" ಎಂದವನು ನಾಲಿಗೆ ಕಚ್ಚಿಕೊಂಡ.

ನನ್ನ ಗಂಡ ಕುರ್ಚಿ ಎಳೆದುಕೊಂಡು ಮೈಕಿನ ಮುಂದೆ ಕೂತ. ರೆಕಾರ್ಡಿನ ಗುಂಡಿ ಒತ್ತಿ, ನನ್ನನ್ನೇ ನೋಡುತ್ತಾ ಬಹಳ ಹೊತ್ತು ತುಟಿ ಆಡಿಸಿದ. ಉಸಿರಾಟಕ್ಕೆಂದು ಡಾಕ್ಟರು ಕತ್ತಿನಲ್ಲಿ ಮಾಡಿದ್ದ ತೂತಿನಿಂದ ಬರೀ ಉಸಿರು ಸುಯ್ಗುಡುತ್ತಿತ್ತು. ಅದೆಲ್ಲ ರೆಕಾರ್ಡ್ ಆಯಿತು. ಒಂದು ಅಕ್ಷರವೂ ತಿಳಿಯದೆ ನಾನು ಹೂಂ, ಹೂಂ ಎನ್ನುತ್ತಾ ಕೂತಿದ್ದೆ.